ಇನ್ನೂ ಬಾರದ ಮೂರು ಸೆಂಟಿಮೀಟರುಗಳಿಗೆ

ಇಸ್ತಾಂಬುಲ್, ಸುಲ್ತಾನ್‌ಗಾಜಿ
ಭಾನುವಾರ, ಬೆಳಗಿನ ಚಹಾ ಆದ ಮೇಲೆ

ಮಾನ್ಯ ಆರನೆಯವರೇ, ಏಳನೆಯವರೇ ಮತ್ತು ಎಂಟನೆಯವರೇ,

ಅಲ್ಲಾಹನ ಹೆಸರಿನಿಂದ ಆರಂಭಿಸಿ, ತಮ್ಮ ಮೂವರ ಕ್ಷೇಮ, ಆಯುಷ್ಯ, ಉದ್ದ ಎಲ್ಲವನ್ನೂ ವಿಚಾರಿಸುತ್ತ, ಮೂರನೇ ಮಹಡಿಯ ಅಡುಗೆಮನೆಯಿಂದ ಈ ಬಡವಿ ಮಾಡಿಕೊಳ್ಳುವ ಬಿನ್ನಹ. ನನ್ನ ಹೆಸರು ಶೆಹ್ರಿಬಾನ್ ಚಾಕಿರ್. ವಯಸ್ಸು ಐವತ್ತು. ತೊಕಾತ್ ಕಡೆಯ ಹಳ್ಳಿಯಲ್ಲಿ ಐದನೇ ತರಗತಿಯವರೆಗೆ ಓದಿದವಳು, ದರ್ಜಿ ಬಹ್ರಿಯವರ ಹೆಂಡತಿ, ಇಪ್ಪತ್ತೆಂಟು ವರ್ಷದ ಇಲ್ಕರನ ತಾಯಿ. ತಾವು ಮೂವರು ಬಂದು ನೆಲೆಸಬೇಕೆಂದು ಏರ್ಪಾಡಾಗಿರುವುದು ಇದೇ ಇಲ್ಕರನ ಎರಡು ಮೊಣಕಾಲುಗಳ ಕೆಳಗೆ. ತಮಗಿಂತ ಮೊದಲು ತಮ್ಮ ಐವರು ಅಣ್ಣಂದಿರು ಒಬ್ಬೊಬ್ಬರಾಗಿ ಬಂದು ಅಲ್ಲಿ ಬಿಡಾರ ಹೂಡಿ ಆಗಿದೆ. ಇನ್ನು ತಾವು ಬರುವುದು ಮಾತ್ರ ಬಾಕಿ ಎಂದು, ಕಾಲು ಉದ್ದ ಮಾಡಿಕೊಡುವ ಕಂಪನಿಯವರ ಕಾಗದದಲ್ಲಿದೆ. ಬಾಗಿಲಿಗೆ ಬಂದವರನ್ನು ದೇವರು ಕಳಿಸಿದ ಅತಿಥಿ ಎಂದು ಕೂರಿಸಿ ಚಹಾ ಕೊಡುವ ಮನೆ ನಮ್ಮದು. ಇದುವರೆಗೆ ಯಾರಿಗೂ ಬರಬೇಡಿ ಎಂದವಳಲ್ಲ. ಆದ್ದರಿಂದ ಈ ಪತ್ರ ಬರೆಯುವಾಗ ನನಗೆ ನಾಚಿಕೆ ಆಗುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ನಾಚಿಕೆ ಕಾರಣವಲ್ಲ, ಮೇಜು ಕಾರಣ. ಇದರ ನಾಲ್ಕು ಕಾಲಿನಲ್ಲಿ ಒಂದು ಗಿಡ್ಡ. ನಮ್ಮ ಮನೆಯವರು ಹನ್ನೆರಡು ವರ್ಷದಿಂದ ನಾಳೆ ಸರಿಮಾಡುತ್ತೇನೆ ಎನ್ನುತ್ತಿದ್ದಾರೆ.

ತಮ್ಮ ಅಣ್ಣಂದಿರು ಬಂದ ದಾರಿಯನ್ನು ತಾವು ಬಲ್ಲಿರಿ, ಆದರೂ ಇದು ಬಹಿರಂಗ ಪತ್ರವಾದ್ದರಿಂದ ಉಳಿದವರಿಗಾಗಿ ಹೇಳುತ್ತೇನೆ. ಹಬ್ಬ ಮುಗಿದ ವಾರ ನನ್ನ ಮಗ ಎರಡು ಕಾಲಿನ ಮೇಲೆ ನಡೆದುಕೊಂಡು ಆಸ್ಪತ್ರೆಗೆ ಹೋದ. ಅಲ್ಲಿ ಅವನ ಎರಡೂ ಮೊಣಕಾಲಿನ ಕೆಳಗಿನ ಮೂಳೆಗಳನ್ನು, ಅವು ಯಾರಿಗೂ ಏನೂ ಕೇಡು ಮಾಡದೆ ಇದ್ದರೂ, ಅಡ್ಡಕ್ಕೆ ಕತ್ತರಿಸಿದರು. ಸುತ್ತ ಕಬ್ಬಿಣದ ಬಳೆ ತೊಡಿಸಿ, ಮಾಂಸದೊಳಗಿಂದ ತಂತಿ ಪೋಣಿಸಿ ಬಿಗಿದರು. ಒಂದು ವಾರ ಸುಮ್ಮನಿದ್ದು ಆಮೇಲೆ ಬಳೆಯ ತಿರುಪನ್ನು ಕೀಲಿಯಿಂದ ತಿರುಗಿಸಲು ಹಚ್ಚಿದರು. ಒಂದು ಸಲಕ್ಕೆ ಮಿಲಿಮೀಟರಿನ ನಾಲ್ಕನೇ ಒಂದು ಪಾಲು, ದಿನಕ್ಕೆ ನಾಲ್ಕು ಸಲ, ಒಟ್ಟು ದಿನಕ್ಕೊಂದು ಮಿಲಿಮೀಟರು. ಮೂಳೆಯ ತುಂಡುಗಳು ಅಷ್ಟಷ್ಟೇ ದೂರ ಸರಿಯುತ್ತವೆ, ಮೂಳೆ ಪಾಪದ್ದು, ಏನೋ ಪೆಟ್ಟಾಗಿದೆ ಎಂದು ತಿಳಿದು ನಡುವಿನ ಸಂದನ್ನು ತುಂಬಿಕೊಳ್ಳುತ್ತ ಹೋಗುತ್ತದೆ. ಸೃಷ್ಟಿಕರ್ತ ಮೂಳೆಗೆ ಕೊಟ್ಟಿರುವ ಈ ಒಳ್ಳೆಯ ಗುಣ ಮೆಟ್ಟಿಲಿನಿಂದ ಬಿದ್ದವರಿಗಾಗಿ ಎಂದು ನಾನು ನಂಬಿದ್ದೆ. ಹಾಸಿಗೆಯ ಮೇಲೆ ಮಲಗಿ, ಕೇಳಿ, ಸಹಿ ಹಾಕಿ ಮುರಿಸಿಕೊಳ್ಳುವವರಿಗೂ ಅದು ಸಲ್ಲುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಇಷ್ಟೆಲ್ಲ ಏಕೆ ಎಂದು ತಾವು ಕೇಳಬಹುದು. ಕೇಳುವ ಸೌಜನ್ಯ ತಮಗೆ ಇದ್ದೇ ಇರುತ್ತದೆ. ಹೋದ ವರ್ಷ ನಾವು ಮೆಲಿಹಾ ಎಂಬ ಹುಡುಗಿಯನ್ನು ಕೇಳಲು ಅವರ ಮನೆಗೆ ಹೋಗಿದ್ದೆವು. ಚಾಕೊಲೇಟು, ಹೂವು, ಇಸ್ತ್ರಿ ಮಾಡಿದ ಕೋಟು, ಎಲ್ಲ ಪದ್ಧತಿಯ ಪ್ರಕಾರ. ಹುಡುಗಿಯೂ ಪದ್ಧತಿಯ ಪ್ರಕಾರ, ವರನ ತಾಳ್ಮೆ ನೋಡಲು, ಅವನ ಕಾಫಿಗೆ ಉಪ್ಪು ಹಾಕಿ ತಂದಳು. ಇಲ್ಕರ್ ಮುಖ ಕಿವುಚದೆ ಕೊನೆಯ ಗುಟುಕಿನವರೆಗೆ ಕುಡಿದ. ಆಗ ಒಂದು ಕೆಜಿ ಉಪ್ಪು ಕೊಟ್ಟಿದ್ದರೂ ಕುಡಿಯುತ್ತಿದ್ದ. ಎಲ್ಲ ಸರಿಯಾಗಿಯೇ ನಡೆಯುತ್ತಿರುವಾಗ ಹುಡುಗಿಯ ಸೋದರತ್ತೆ ಸೋಫಾದ ಮೂಲೆಯಿಂದ, "ಎಲ್ಲಿ ಮಗಾ, ಒಂಚೂರು ಎದ್ದು ನಿಂತ್ಕೋ, ನೋಡೋಣ" ಎಂದಳು. ಖಾಲಿ ಬಟ್ಟಲು ಕೊಡಲು ಆಗಲೇ ಎದ್ದಿದ್ದ ನನ್ನ ಮಗ, "ನಿಂತೇ ಇದ್ದೀನಿ ಅತ್ತೆ" ಎಂದ. ಮನೆಯೆಲ್ಲ ನಗು. ಅದು ಎಂಥ ನಗು ಎಂದರೆ ಹುಡುಗಿಯ ತಂದೆ ಕಣ್ಣು ಒರೆಸಿಕೊಂಡರು, ಹುಡುಗಿ ತಟ್ಟೆಯ ಹಿಂದೆ ಮುಖ ಮುಚ್ಚಿಕೊಂಡಳು. ಆ ಸಂಬಂಧ ಕೂಡಲಿಲ್ಲ. ಅದಾದ ಮೇಲೆ ನನ್ನ ಮಗ ಮನೆಯಲ್ಲಿ ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದ ಎರಡು ತಿಂಗಳಿದ್ದವು, ಆ ಎರಡು ತಿಂಗಳ ಕೊನೆಗೆ ಕಂಪನಿಯ ಹೊಳಪು ಕಾಗದ ಇದೇ ಮೇಜಿನ ಮೇಲೆ ಬಂದು ಕುಳಿತಿತು.

ಅಂದು ಇಲ್ಕರನ ಎತ್ತರ ಒಂದು ಮೀಟರು ಅರವತ್ಮೂರು. ಈಗ ಅರವತ್ತೆಂಟು. ಅವನಿಗೆ ಎಪ್ಪತ್ತು ದಾಟಬೇಕು. "ಎಪ್ಪತ್ತಕ್ಕೆ ಎರಡೇ ಸಾಕಲ್ಲೋ, ಮೂರು ಯಾಕೆ?" ಎಂದು ಕೇಳಿದರೆ, "ಮನುಷ್ಯ ಸಂಜೆ ಹೊತ್ತಿಗೆ ಒಂದು ಸೆಂಟಿಮೀಟರು ಕುಗ್ತಾನಮ್ಮಾ, ಅದಕ್ಕೊಂದು ಎಕ್ಸ್‌ಟ್ರಾ ಇರ್ಲಿ" ಎನ್ನುತ್ತಾನೆ. ಆದಕಾರಣ ಮಾನ್ಯ ಎಂಟನೆಯವರೇ, ತಮ್ಮನ್ನು ಕರೆಸುತ್ತಿರುವುದು ಬರೀ ಸಂಜೆಯ ಪಾಳಿಗೆ ಎಂಬುದು ತಮ್ಮ ಗಮನಕ್ಕಿರಲಿ.

ಗಿಡ್ಡವನಾಗಿದ್ದಾಗ ನನ್ನ ಮಗನಿಗಿದ್ದ ಸವಲತ್ತುಗಳನ್ನು ಯಾರೂ ಕಾಗದದಲ್ಲಿ ಅಚ್ಚು ಹಾಕಿಸಲಿಲ್ಲ. ನಮ್ಮ ಮಿನಿಬಸ್ಸುಗಳಲ್ಲಿ ನಿಂತವರನ್ನು ತುಂಬಿಸಿಕೊಳ್ಳುವುದು ಕಾನೂನಿಗೆ ವಿರುದ್ಧ, ತುಂಬಿಸಿಕೊಳ್ಳದಿರುವುದು ಚಾಲಕನ ಧರ್ಮಕ್ಕೆ ವಿರುದ್ಧ. ಹಾಗಾಗಿ ಮುಂದೆ ಪೊಲೀಸರು ಕಂಡೊಡನೆ ಚಾಲಕ, "ಬಗ್ಗಿ ಬಗ್ಗಿ, ನಿಂತಿರೋರೆಲ್ಲ ಬಗ್ಗಿ!" ಎಂದು ಕೂಗುತ್ತಾನೆ, ಗಂಭೀರ ಮುಖದ ಗುಮಾಸ್ತರೂ ಮೀಸೆಯ ಮುದುಕರೂ ಕೋಳಿಗಳಂತೆ ಕುಕ್ಕರಿಸುತ್ತಾರೆ. ಆಗ ತಲೆ ತುಸು ತಗ್ಗಿಸಿದರೆ ಸಾಕು, ಸುಲ್ತಾನನ ಹಾಗೆ ನಿಂತಿರುತ್ತಿದ್ದವನು ನನ್ನ ಮಗ ಒಬ್ಬನೇ. ಹಬ್ಬದ ದಿನ ಹಿರಿಯರ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳುವಾಗ ಎತ್ತರದ ಹುಡುಗರು ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿದ್ದೇನೆ. ಇವನು ಹತ್ತು ಮನೆ ಸುತ್ತಿದರೂ ಹುರುಪಿನಲ್ಲೇ ಇರುತ್ತಿದ್ದ. ಇನ್ನು ಮಸೀದಿಯಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದಾಗ ಒಂದು ತೊಂಬತ್ತರವನೂ ಒಂದು ಅರವತ್ತರವನೂ ಒಂದೇ ಮಟ್ಟ. ಆ ಅಳತೆ ನನಗೆ ಸಾಕಾಗಿತ್ತು. ಈಗ ನನ್ನ ಮಗ ಶುಕ್ರವಾರದ ನಮಾಜನ್ನು ಗಾಲಿಕುರ್ಚಿಯ ಮೇಲೆ ಕುಳಿತು ಮಾಡುತ್ತಾನೆ. ಉಳಿದವರು ಹಣೆಯನ್ನು ನೆಲಕ್ಕಿಟ್ಟಾಗ ಇಡೀ ಮಸೀದಿಯ ಸಾಲಿನಲ್ಲಿ ಎಲ್ಲರಿಗಿಂತ ಎತ್ತರವಾಗಿ ಕಾಣುವವನು ಅವನೇ ಆಗಿದ್ದಾನೆ. ತಮ್ಮ ಅಣ್ಣಂದಿರ ಈ ಸಾಧನೆಗೆ ಅಭಿನಂದನೆಗಳು.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ದೂರು ಕೊಡುವವಳು ತನ್ನ ಪಾಲನ್ನು ಮುಚ್ಚಿಟ್ಟುಕೊಂಡು ಬರೆದರೆ ಅದಕ್ಕೆ ಮೇಲೆ ಲೆಕ್ಕ ಕೊಡಬೇಕಾಗುತ್ತದೆ. ಮೊದಲ ಹದಿನೈದು ದಿನ ಇಲ್ಕರ್ ಕಂಪನಿಯವರ ವಿಶ್ರಾಂತಿ ಮನೆಯಲ್ಲಿದ್ದ, ತಿರುಪನ್ನು ಅಲ್ಲಿನ ನರ್ಸುಗಳೇ ತಿರುಗಿಸುತ್ತಿದ್ದರು. ಮನೆಗೆ ಕಳಿಸುವ ದಿನ ಕಂಪನಿಯ ಹುಡುಗಿಯೊಬ್ಬಳು, ಉಗುರುಗಳು ನಮ್ಮ ಮನೆಯ ತಟ್ಟೆಗಳಿಗಿಂತ ಹೆಚ್ಚು ಹೊಳೆಯುತ್ತಿದ್ದವಳು, ಕೀಲಿಯನ್ನು ನನ್ನ ಅಂಗೈಗೆ ಹಾಕಿ, "ದಿನಕ್ಕೆ ನಾಲ್ಕು ಸಲ ಚಿಕ್ಕಮ್ಮ. ನಿಮಗೆ ಮರೆಯತ್ತೆ ಅಂದ್ರೆ ಆಜಾನ್ ಕೂಗಿದಾಗ ಒಂದೊಂದು ಸಲ ತಿರುಗಿಸಿಬಿಡಿ, ಅಷ್ಟೇ" ಎಂದಳು. ನಾನು ಮನೆಗೆ ಬಂದು ಯೋಚಿಸಿದೆ. ಆಜಾನ್ ಐದು, ಇವಳು ನಾಲ್ಕು ಎನ್ನುತ್ತಾಳೆ. ಪಾಪ, ನಮಾಜಿನ ಅಭ್ಯಾಸ ಇಲ್ಲದ ಹುಡುಗಿ, ಒಂದನ್ನು ಮರೆತಿದ್ದಾಳೆ ಎಂದುಕೊಂಡೆ. ಅವಳಿಗಾಗಿ ಪ್ರಾರ್ಥನೆಯನ್ನೂ ಮಾಡಿದೆ. ಹನ್ನೊಂದು ದಿನ, ದಿನಕ್ಕೆ ಐದು ಸಲ, ಪ್ರತಿ ಸಲವೂ ಬಿಸ್ಮಿಲ್ಲಾ ಹೇಳಿ, ನನ್ನ ಮಗನ ಕಾಲುಗಳನ್ನು ಹಿಗ್ಗಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿರುತ್ತಿದ್ದ. ತಿರುಪನ್ನು ತಾನೇ ಮುಟ್ಟಲು ಅವನಿಗೆ ಧೈರ್ಯವಿಲ್ಲ. ಹಾಗಾಗಿ ಐವರಲ್ಲಿ ನಾಲ್ವರನ್ನು ಒಳಗೆ ಕರೆತಂದ ಕೈ ನನ್ನದೇ.

ಹನ್ನೆರಡನೆಯ ದಿನ ಕಾಲಿಗೆ ವ್ಯಾಯಾಮ ಮಾಡಿಸುವ ಜೆಹಾನ್ ಬಂದಳು. ಟವೆಲು ಸುತ್ತಿ ಪಾದವನ್ನು ಮೇಲಕ್ಕೆ ಎಳೆದರೆ ಅದು ಬರುತ್ತಿಲ್ಲ. ಬೆರಳುಗಳು ನೆಲವನ್ನೇ ತೋರಿಸುತ್ತಿವೆ, ಎತ್ತರದ ಹಿಮ್ಮಡಿಯ ಬೂಟಿಗೆಂದೇ ಮಾಡಿದ ಅಂಗಡಿಯ ಬೊಂಬೆಯ ಹಾಗೆ.

"ಅಕ್ಕಾ, ದಿನಕ್ಕೆ ಎಷ್ಟು ಸಲ ತಿರುಗಿಸ್ತಿದ್ದೀರಿ?" ಎಂದಳು.

"ಐದು" ಎಂದೆ.

"ಐದಾ? ಐದ್ಯಾಕೆ?"

"ಆಜಾನ್ ಐದಲ್ವೇನಮ್ಮಾ?"

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಜೆಹಾನ್ ಬೈಯಲಿಲ್ಲ. ಮೂಳೆ ತುಂಬಿಕೊಳ್ಳುವುದಕ್ಕಿಂತ ಬೇಗ ಎಳೆದರೆ ಸಂದು ಖಾಲಿಯಾಗಿಯೇ ಉಳಿಯುತ್ತದೆ, ಹಿಮ್ಮಡಿಯ ಸ್ನಾಯು ಗಿಡ್ಡವಾಗಿಯೇ ನಿಂತು ಪಾದವನ್ನು ಕೆಳಕ್ಕೆ ಜಗ್ಗುತ್ತದೆ, ನರವೂ ಸುಸ್ತಾಗುತ್ತದೆ ಎಂದು ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಡಾಕ್ಟರು ಐದು ದಿನ ತಿರುಪನ್ನು ನಿಲ್ಲಿಸಿದರು, ಆಮೇಲೆ ದಿನಕ್ಕೆ ಮೂರೇ ಸಲ ಎಂದರು. ನಾನು ನಮಾಜಿನ ಚಾಪೆಯ ಮೇಲೆ ಅತ್ತೆ. ಇಲ್ಕರ್ ಮಾತ್ರ, "ಅಳಬೇಡ ಬಿಡಮ್ಮಾ, ನಿನ್ನ ಭಕ್ತಿ ಇದ್ರೆ ನಾನು ನಡ್ಕೊಂಡೇ ಸ್ವರ್ಗ ಮುಟ್ತೀನಿ, ಏಣಿನೂ ಬೇಡ" ಎಂದು ನಗಿಸಿದ. ಪಾದ ಸ್ವಲ್ಪ ಮೇಲೆ ಬಂತು. ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಒಂದು ನಾಣ್ಯದಗಲ ಜಾಗ ಮಾತ್ರ, "ಅಲ್ಲಿ ಯಾರದೋ ಚರ್ಮ ಇದ್ದಂಗಿದೆ" ಎನ್ನುತ್ತಿದ್ದ.

ನೆರೆಹೊರೆಯ ಹೆಂಗಸರು ಮೂಳೆಗೆ ಬಲ ಎಂದು ಕುರಿಕಾಲಿನ ಸೂಪನ್ನು ಪಾತ್ರೆಗಟ್ಟಲೆ ಕಳಿಸಿದರು. ಎಪ್ಪತ್ತು ದಿನದಲ್ಲಿ ನಮ್ಮ ಮನೆಯಲ್ಲಿ ಬೆಂದ ಕುರಿಗಳ ಕಾಲನ್ನು ಒಂದರ ಮೇಲೊಂದು ನಿಲ್ಲಿಸಿದ್ದರೆ ಎಂಟು ಸೆಂಟಿಮೀಟರೇನು, ಮಿನಾರನ್ನೇ ಮುಟ್ಟಬಹುದಿತ್ತು. ಅವುಗಳಲ್ಲಿ ಒಂದು ಕುರಿಯೂ ತನ್ನ ಕಾಲು ಸಾಲದು ಎಂದು ದೂರಿದ್ದು ನಾನು ಕೇಳಿಲ್ಲ.

ಮೊನ್ನೆ ಶುಕ್ರವಾರ ಐದು ಪೂರ್ತಿಯಾಯಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಲ್ಲಿಗೆ ನಿಲ್ಲಿಸೋಣ" ಎಂದರು. ಮೊಣಕಾಲಿನ ಕೆಳಗಿನ ಮೂಳೆಗೆ ಐದು ಎಂದರೆ ಒಳ್ಳೆಯ ಗಡಿ, ಆಚೆಗೆ ಹೆಜ್ಜೆ ಇಟ್ಟಷ್ಟೂ ಅಪಾಯ ಏರುತ್ತದೆ, ಈ ಪಾದ ಈಗಾಗಲೇ ಒಮ್ಮೆ ಎಚ್ಚರಿಕೆ ಕೊಟ್ಟಿದೆ ಎಂದರು. "ಮೂಳೆ ಹೊಸದಾಗಿ ಬೆಳೆಯತ್ತೆ ತಾಯಿ. ನರ ಬೆಳೆಯಲ್ಲ, ಎಳೆದಷ್ಟು ಎಳೆಸಿಕೊಳ್ಳತ್ತೆ. ಸಾಕಾಯ್ತು ಅಂತ ಮುಂಚೆ ಹೇಳಿ ಕಳಿಸಲ್ಲ." ಇಲ್ಕರ್ ಗೋಡೆಯ ಮೇಲೆ ಎಂಟು ಸೆಂಟಿಮೀಟರು ಎಂದು ಸಾರುವ ಕಂಪನಿಯ ಜಾಹೀರಾತನ್ನು ತೋರಿಸಿದ. ಅದರಲ್ಲಿ ಎಂಟರ ಅಂಕಿ ಅವನಿಗಿಂತ ಎತ್ತರವಾಗಿ ನಿಂತಿದೆ. ಡಾಕ್ಟರು ಅದರ ಕಡೆ ನೋಡಲಿಲ್ಲ. ಉಗುರಿನ ಹುಡುಗಿ ಮಾತ್ರ ನಗುತ್ತ, ಹಠ ಇದ್ದರೆ ಒಂದು ಕಾಗದಕ್ಕೆ ಸಹಿ ಹಾಕಿ ಸೋಮವಾರ ತನ್ನಿ ಎಂದು ಕೊಟ್ಟಳು. ಆ ಕಾಗದ ಈಗ ನನ್ನ ಮುಂದಿದೆ. ಸೋಮವಾರ ನಾಳೆಯೇ.

ಮಾನ್ಯರೇ, ಐದನೇ ತರಗತಿ ಓದಿದವಳಾದರೂ ಈ ಕಾಗದವನ್ನು ನಾನು ಮೂರು ಸಲ ಓದಿದ್ದೇನೆ. ತಾವು ಮೂವರೇ ಬರುವವರಲ್ಲ, ಪರಿವಾರ ಸಮೇತ ದಯಮಾಡಿಸುವವರು ಎಂದು ತಿಳಿದು ಗಾಬರಿಯಾಯಿತು. ಪಾದ ಕೊನೆಯವರೆಗೆ ತುದಿಗಾಲಿನಲ್ಲೇ ನಿಲ್ಲುವ ಸಂಭವ ತಮ್ಮ ಜೊತೆ ಬರುತ್ತದಂತೆ. ನರ ಸೋತು ಹೋಗುವುದು, ತಂತಿ ಹೊಕ್ಕ ಜಾಗದಲ್ಲಿ ಕೀವು, ಮೂಳೆ ತುಂಬದೆ ಮತ್ತೊಂದು ಶಸ್ತ್ರಚಿಕಿತ್ಸೆ, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ಮುಂದೆ ಕೀಲುಗಳ ಸವೆತ, ಇವರೆಲ್ಲ ತಮ್ಮ ಬಂಧುಗಳಂತೆ. ತಮ್ಮ ಅಣ್ಣಂದಿರೂ ಈ ಬಂಧುಗಳ ವಿಳಾಸ ಇಟ್ಟುಕೊಂಡೇ ಬಂದಿದ್ದರು, ಆದರೆ ತಾವು ಅವರನ್ನು ಕೈಹಿಡಿದು ಕರೆತರುವವರು. ಕಾಗದದ ಕೊನೆಯಲ್ಲಿ 'ಇವೆಲ್ಲ ನನಗೆ ತಿಳಿದಿದೆ' ಎಂದು ಬರೆದಿದ್ದಾರೆ. ನನ್ನ ಮಗನಿಗೆ ತಿಳಿದಿರುವುದು ಒಂದೇ, ಸೋಫಾದ ಮೂಲೆಯಿಂದ ಬಂದ ಆ ಒಂದು ಮಾತು.

ನಮ್ಮ ಮನೆಯವರು ಒಂದು ಅರವತ್ತು. ಇವನ ಎತ್ತರ ತಮ್ಮಿಂದ ಬಂದ ಆಸ್ತಿ ಎಂದು ಒಳಗೊಳಗೇ ಕೊರಗುತ್ತಾರೆ, ಬಾಯಿ ಬಿಡುವುದಿಲ್ಲ. ಹೋದ ವಾರ ಇಲ್ಕರನ ಪ್ಯಾಂಟುಗಳನ್ನೆಲ್ಲ ತಂದು ಅಂಚನ್ನು ಬಿಚ್ಚಲು ಕುಳಿತರು. ವರ್ಷಗಳ ಹಿಂದೆ ತಾವೇ ಒಳಕ್ಕೆ ಮಡಚಿ ಹೊಲಿದ ಬಟ್ಟೆ ಅದು. ಎಲ್ಲ ಬಿಚ್ಚಿ ಅಳೆದರೆ ಸರಿಯಾಗಿ ಐದು. "ಇದಕ್ಕಿಂತ ಎಳೆದ್ರೆ ಹೊಲಿಗೆ ಬಿಟ್ಕೊಳ್ಳತ್ತೆ ಕಣೇ" ಎಂದರು. ಪ್ಯಾಂಟಿನ ಬಗ್ಗೆಯೇ ಹೇಳಿದರು ಎಂದು ಕಾಣುತ್ತದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಹೀಗಿದೆ. ತಾವು ಬರಲೇಬೇಕೆಂದಿದ್ದರೆ ಪರಿವಾರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅದು ಆಗದಿದ್ದರೆ ತಮ್ಮಂಥ ಯೋಗ್ಯರು ಹೋಗಿ ನೆಲೆಸಬಹುದಾದ ಜಾಗಗಳು ಈ ಊರಿನಲ್ಲಿ ಬಹಳ ಇವೆ. ಆರನೆಯವರು ನಮ್ಮ ಬೀದಿಯ ಬ್ರೆಡ್ಡಿಗೆ ಹೋಗಬಹುದು. ಅದು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದೆ, ಅದಕ್ಕೆ ಯಾರೂ ಬಳೆ ತೊಡಿಸುತ್ತಿಲ್ಲ. ಏಳನೆಯವರು ಮಿನಿಬಸ್ಸಿನ ಎರಡು ಸೀಟುಗಳ ನಡುವೆ ದಯಮಾಡಿಸಿದರೆ ಸಮಸ್ತ ಸುಲ್ತಾನ್‌ಗಾಜಿಯ ಮೊಣಕಾಲುಗಳು ತಮ್ಮನ್ನು ಹರಸುತ್ತವೆ. ಎಂಟನೆಯವರಿಗೆ ಕೂಡುವುದಷ್ಟೇ ಅಲ್ಲದೆ ಕಳೆಯುವುದೂ ಬರುವುದಾದರೆ, ಮೆಲಿಹಾಳ ಸೋದರತ್ತೆಯ ನಾಲಿಗೆಯಿಂದ ತಮ್ಮ ಒಂದು ಅಳತೆಯನ್ನು ಕಳೆಯಿರಿ. ಅದಕ್ಕೆ ಸಹಿ ಬೇಕಾದರೆ ನಾನು ಹಾಕುತ್ತೇನೆ, ಎಲ್ಲ ಅಪಾಯಗಳೂ ನನಗೆ ತಿಳಿದಿವೆ.

ಇಷ್ಟು ಬರೆದಿದ್ದೆ. ನಡುವೆ ನಿಲ್ಲಿಸಬೇಕಾಗಿ ಬಂತು, ಕ್ಷಮಿಸಿ. ಈಗ ಮತ್ತೆ ಕುಳಿತಿದ್ದೇನೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮಧ್ಯಾಹ್ನದ ಊಟ ಆದ ಮೇಲೆ ಇಲ್ಕರ್ ತನ್ನ ಗಾಲಿಕುರ್ಚಿಯನ್ನು ಮೇಜಿನ ಪಕ್ಕಕ್ಕೆ ತಂದು, ಎರಡೂ ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡ. ನಾನು ನನ್ನ ತಂಗಿಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾನೆ. ಅದೇ ಹಳೆಯ ಮಾತು ಶುರುವಾಯಿತು. "ಮೂರೇ ಮೂರು ಅಮ್ಮಾ. ಇಷ್ಟು ದಿನ ತಡ್ಕೊಂಡೆ, ಇನ್ನೊಂದು ನಲವತ್ತು ದಿನ ಅಷ್ಟೇ. ನೀನು ಹೂಂ ಅಂದ್ರೆ ಈಗ್ಲೇ ಸಹಿ ಹಾಕ್ತೀನಿ. ಆಮೇಲೆ ನೋಡು, ಯಾರ ಮನೆಗೆ ಹೋದ್ರೂ..." ನಾನು ಅವನಿಗೆ ಚಹಾ ಸುರಿದೆ. ಲೋಟವನ್ನು ಅವನ ಕಡೆಗೆ ಸರಿಸಿ ಮೊಣಕೈ ಊರಿದೆನೋ ಇಲ್ಲವೋ, ಮೇಜು ಆ ಗಿಡ್ಡ ಕಾಲಿನ ಕಡೆಗೆ ವಾಲಿತು. ಲೋಟ ಉರುಳಿ, ಒಲೆಯಿಂದ ಆಗತಾನೇ ಇಳಿದ ಚಹಾ ಪೂರ್ತಿ ಅವನ ಎಡಪಾದದ ಮೇಲೆ ಬಿತ್ತು.

ನಾನು ಕಿರುಚಿದೆ. ಅವನು ಮಾತಾಡುತ್ತಲೇ ಇದ್ದ.

"...ನಿಂತ್ಕೋ ಅಂದ್ರೆ ನಿಂತ್ಕೋತೀನಿ" ಎಂದು ಮುಗಿಸಿ, "ಏನಾಯ್ತು? ಯಾಕೆ ಕೂಗ್ತೀಯಾ?" ಎಂದ. ನಾನು ತಣ್ಣೀರು ಸುರಿಯುತ್ತಿದ್ದೆ. ಆಗ ಅವನು ಕೆಳಗೆ ನೋಡಿದ. ಪಾದದ ಮೇಲೆ ಹಬೆ ಆಡುತ್ತಿತ್ತು, ಚರ್ಮ ಬೀಟ್‌ರೂಟಿನ ಬಣ್ಣಕ್ಕೆ ತಿರುಗುತ್ತಿತ್ತು. "ಬಿಸಿ ಇತ್ತಾ?" ಎಂದು ಕೇಳಿದ. ತನ್ನ ಪಾದದ ಮೇಲೆ ಬಿದ್ದದ್ದು ಬಿಸಿಯಿತ್ತೇ ಎಂದು ನನ್ನನ್ನು ಕೇಳಿದ. ಮೊನ್ನೆಯವರೆಗೆ ನಾಣ್ಯದಗಲ ಇದ್ದದ್ದು ಈಗ ಅಂಗೈಯಗಲ ಆಗಿತ್ತು.

ಡಾಕ್ಟರಿಗೆ ಫೋನು ಮಾಡಿದೆವು. ಸುಟ್ಟದ್ದು ಮೇಲುಮೇಲಕ್ಕೇ, ತಣ್ಣೀರು ಹಾಕುವುದನ್ನು ನಿಲ್ಲಿಸಬೇಡಿ, ನಾಳೆ ಬೆಳಗ್ಗೆಯೇ ಕರೆತನ್ನಿ, ತಿರುಪನ್ನು ಯಾರೂ ಮುಟ್ಟಬೇಡಿ ಎಂದರು. ಹಾಗೆ ಕೂರಿಸಿ, ಒದ್ದೆ ಬಟ್ಟೆ ಹಾಸಿದೆ. ಸಂಜೆಗೆ ಮುಂಚಿನ ಆಜಾನ್ ಆಯಿತು. ಅದು ತಿರುಪಿನ ಹೊತ್ತು. ಐದು ಪೂರ್ತಿಯಾಯಿತೆಂದು ಶುಕ್ರವಾರವೇ ತಿರುಪು ನಿಂತಿದ್ದರೂ ಇವನು ನಿನ್ನೆಯೂ, "ಅಮ್ಮಾ, ಕೀಲಿ" ಎಂದು ಕೇಳಿದ್ದ, ನಾನು ಕಿವಿ ಕೇಳದವಳಂತೆ ಪಾತ್ರೆ ತೊಳೆದಿದ್ದೆ. ಇವತ್ತು ಕೇಳಲಿಲ್ಲ. ನಾನು ನಮಾಜ್ ಮುಗಿಸಿ ಬಂದಾಗ ಅವನು ಬಾಗಿ, ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಚಿವುಟಿ ನೋಡುತ್ತಿದ್ದ. ಕೂಸಾಗಿದ್ದಾಗ ನಾನು ಅವನನ್ನು ನಗಿಸಲು ಹಾಗೆಯೇ ಎಣಿಸುತ್ತಿದ್ದೆ.

"ಕಿರುಬೆರಳು ಗೊತ್ತಾಗ್ತಿದೆ" ಎಂದ. ಆಮೇಲೆ, "ಉಳಿದದ್ದೂ ವಾಪಸ್ ಬರತ್ತಾ ಅಮ್ಮಾ?" ಎಂದ.

ನಾನು ಸುಳ್ಳು ಹೇಳುವವಳಲ್ಲ. "ಗೊತ್ತಿಲ್ಲ ಕಂದಾ, ನಿಲ್ಲಿಸಿದ್ರೆ ಬಂದ್ರೂ ಬರಬಹುದು" ಎಂದೆ.

"ಆ ಕಾಗದ ಕೊಡು" ಎಂದ. ಕೊಡದಿರಲು ನಾನು ಯಾರು, ಕಾಲು ಅವನದು. ಕೊಟ್ಟೆ. ಪೆನ್ನು ಕೇಳುತ್ತಾನೆ ಎಂದು ಕಾದೆ. ಅವನು ಪೆನ್ನು ಕೇಳಲಿಲ್ಲ. ಕಾಗದವನ್ನು ಎರಡಾಗಿ ಮಡಚಿದ, ನಾಲ್ಕಾಗಿ ಮಡಚಿದ, ಉಗುರಿನಿಂದ ತೀಡಿ ತೀಡಿ ದಪ್ಪಗೆ ಮಡಚಿ ನನ್ನ ಕೈಗಿಟ್ಟು, "ನಂಗೆ ನೆಲದವರೆಗೆ ಬಗ್ಗಕ್ಕಾಗಲ್ಲ, ನೀನೇ ಆ ಕಾಲಿನ ಕೆಳಗೆ ತುರುಕು" ಎಂದು ಮೇಜನ್ನು ತೋರಿಸಿದ. ನಾನು ನೆಲಕ್ಕೆ ಹಣೆ ಮುಟ್ಟುವಷ್ಟು ಬಗ್ಗಿ ತುರುಕಿದೆ, ಬಗ್ಗಿದವಳು ಒಂದಷ್ಟು ಹೊತ್ತು ಹಾಗೆಯೇ ಇದ್ದೆ. ಮೇಜು ಅಲ್ಲಾಡುವುದು ನಿಂತಿತು. ಈ ಕೊನೆಯ ಸಾಲುಗಳು ನೆಟ್ಟಗಿರುವುದನ್ನು ತಾವೇ ನೋಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಉದ್ದ ಸಾಲದೆ ಇದ್ದ ಕಾಲು ಇದೊಂದೇ ಆಗಿತ್ತು.

ತಮಗೆ ಎಲ್ಲಿ ಇಷ್ಟವೋ ಅಲ್ಲಿ ಸುಖವಾಗಿರಿ ಎಂದು ಹಾರೈಸುತ್ತ, ತಾವು ದೂರವಿರುವಷ್ಟು ಕಾಲವೂ

ತಮ್ಮ ವಿಶ್ವಾಸಿಯಾಗಿರುವ
ಶೆಹ್ರಿಬಾನ್ ಚಾಕಿರ್

ಮರೆತ ಮಾತು: ಕಂಪನಿಯವರು ಕೀಲಿಯನ್ನು ಮರಳಿ ಕೇಳುವುದಾದರೆ, ಅದು ನನ್ನ ತಲೆವಸ್ತ್ರದ ಪಿನ್ನಿನ ಜೊತೆಗಿದೆ, ದಿನಕ್ಕೆ ಐದು ಸಲ ನೆಲ ಮುಟ್ಟುತ್ತದೆ. ಇನ್ನೊಂದು ಸಂಗತಿ. ಮೆಲಿಹಾಳ ಮದುವೆ ವಸಂತದಲ್ಲಿ ಆಯಿತಂತೆ. ಫೋಟೊ ನೋಡಿದೆ. ವರ ನನ್ನ ಮಗನ ಹಳೆಯ ಎತ್ತರಕ್ಕಿಂತಲೂ ಎರಡು ಬೆರಳು ಗಿಡ್ಡ, ಪಕ್ಕದಲ್ಲಿ ಸೋದರತ್ತೆ ಬಾಯಿ ತುಂಬ ನಗುತ್ತ ನಿಂತಿದ್ದಾಳೆ. ಇಲ್ಕರನಿಗೆ ಇನ್ನೂ ಹೇಳಿಲ್ಲ. ಬಳೆ ಬಿಚ್ಚಿ, ಅವನು ಎರಡು ಕಾಲಿನ ಮೇಲೆ ನಿಂತು ನಗಬಲ್ಲ ದಿನ ಹೇಳುತ್ತೇನೆ. ಅಲ್ಲಿಯವರೆಗೆ ತಾವು ಆ ವರನ ಮನೆಯ ಕಡೆಗೂ ಸುಳಿಯಬೇಡಿ. ಫೋಟೊ ನೋಡಿದರೆ ಅವನಿಗೆ ತಮ್ಮ ಹೆಸರೇ ಗೊತ್ತಿದ್ದಂತಿಲ್ಲ.